ಪಟ್ಟಾಭಿರಾಮ ರೆಡ್ಡಿ: ಒಂದು ಸ್ವರ್ಣಪದಕದ ಹಿನ್ನೆಲೆ

ಕನ್ನಡ ಚಲನಚಿತ್ರದ ಇತಿಹಾಸವನ್ನು ಬರೆಯುವವರು 1970ನೆಯ ಇಸವಿಯನ್ನು ಒಂದು ಗಡಿಕಲ್ಲೆಂದು ಗುರುತಿಸುವುದು ರೂಢಿಯಾಗಿದೆ. ವರ್ಷದ ಅಖಿಲ ಭಾರತ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಸ್ವರ್ಣಪದಕವು ಆ ವರ್ಷ ಮೊದಲ ಬಾರಿಗೆ ಒಂದು ಕನ್ನಡ ಚಿತ್ರಕ್ಕೆ ದೊರೆಯಿತು. ಆ ಚಿತ್ರ ‘ಸಂಸ್ಕಾರ’. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ತಿಕ್ಕವರಪು ಪಟ್ಟಾಭಿರಾಮ ರೆಡ್ಡಿಯವರು. ಅವರ ಮನೆಮಾತು ತೆಲುಗು, ಹುಟ್ಟೂರು ನೆಲ್ಲೂರು. ಚಿತ್ರವನ್ನು ಕೈಗೆತ್ತಿಕೊಂಡಾಗ ಅವರ ವಾಸ ಮದರಾಸಿನಲ್ಲಿ. ಕನ್ನಡ ಚಿತ್ರರಂಗಕ್ಕೆ ದೇಶದ ಅತ್ಯುಚ್ಚ ಮನ್ನಣೆಯನ್ನು ಮೊದಲು ತಂದುಕೊಟ್ಟವರು ಕನ್ನಡ ನಾಡಿನ ಹೊರಗೆ ಹುಟ್ಟಿ ಬೆಳೆದ ಒಬ್ಬ ತೆಲುಗು ಕವಿ ಎಂಬುದು ಹೊರನಾಡಿನಲ್ಲಿ ಕನ್ನಡದ ಕೆಲಸ ಮಾಡುವವರೆಲ್ಲ ನೆನಪಿನಲ್ಲಿಡಬೇಕಾದ ಸಂಗತಿ. ಆ ಮನ್ನಣೆಯ ಹಿಂದೆ ಒಂದು ನಿಷೇಧವಿತ್ತು. ಅದರ ಮುಂದೆ ಒಂದು ಸೆರೆಮನೆ ಕಾದಿತ್ತು. ಇವೆರಡನ್ನೂ ಬಿಟ್ಟು ಪದಕವೊಂದನ್ನೇ ಸ್ಮರಿಸಿದರೆ ರೆಡ್ಡಿಯವರ ಜೀವನವನ್ನು ಅರಿತಂತಾಗುವುದಿಲ್ಲ.

ಪಟ್ಟಾಭಿರಾಮ ರೆಡ್ಡಿಯವರು ಜನಿಸಿದ್ದು 1919ರಲ್ಲಿ, ನೆಲ್ಲೂರಿನ ಅನುಕೂಲಸ್ಥ ಮನೆತನದಲ್ಲಿ. ಶಾಂತಿನಿಕೇತನದಲ್ಲಿಯೂ ಕಲ್ಕತ್ತೆಯಲ್ಲಿಯೂ ವ್ಯಾಸಂಗ ಮಾಡಿ, ಮುಂದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ರವೀಂದ್ರರ ಆಶ್ರಮದ ವಾತಾವರಣವನ್ನು ಕಂಡಿದ್ದ ಈ ತರುಣ ತೆಲುಗು ಸಾಹಿತ್ಯಕ್ಕೆ ಪ್ರವೇಶಿಸಿದ್ದು ಮಾತ್ರ ರವೀಂದ್ರರ ಅನುಕರಣೆಯಿಂದಲ್ಲ. 1939ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಪ್ರಕಟಿಸಿದ ‘ಫಿಡೇಲು ರಾಗಾಲ ಡಜನ್’ ಎಂಬ ಹನ್ನೆರಡು ಕವಿತೆಗಳ ಸಂಕಲನ ತೆಲುಗು ಕಾವ್ಯಾಸಕ್ತರನ್ನು ಬೆಚ್ಚಿಬೀಳಿಸಿತು. ಅಂದು ಪ್ರಚಲಿತವಾಗಿದ್ದ ಭಾವಕವಿತೆಯ ಕೋಮಲತೆಯನ್ನು ಅದು ಗೇಲಿ ಮಾಡಿತು. ಛಂದಸ್ಸಿನ ಕಟ್ಟನ್ನು ಬೇಕೆಂದೇ ಸಡಿಲಿಸಿ ಆಡುಮಾತಿನ ಗದ್ಯದ ಲಯವನ್ನು ಕವಿತೆಯೊಳಗೆ ತಂದಿತು. ಹೆಸರಿನಲ್ಲಿಯೇ ಒಂದು ಇಂಗ್ಲಿಷ್ ವಾದ್ಯವನ್ನೂ ಒಂದು ಇಂಗ್ಲಿಷ್ ಲೆಕ್ಕವನ್ನೂ ಸೇರಿಸಿಕೊಂಡಿದ್ದ ಆ ಪುಸ್ತಕ ‘ಪಟ್ಟಾಭಿ’ ಎಂಬ ಕಾವ್ಯನಾಮವನ್ನು ತೆಲುಗಿನ ಹೊಸ ಕಾವ್ಯದ ಆರಂಭದ ಹೆಸರುಗಳಲ್ಲಿ ಒಂದನ್ನಾಗಿ ಮಾಡಿತು. ಮೂವತ್ತು ವರ್ಷಗಳ ಅನಂತರ ಅವರು ಕನ್ನಡ ಚಿತ್ರದಲ್ಲಿ ಮಾಡಿದ ಕೆಲಸವನ್ನು ಅರ್ಥಮಾಡಿಕೊಳ್ಳಲು ಈ ಮೊದಲ ಪುಸ್ತಕ ನೆರವಾಗುತ್ತದೆ. ಒಪ್ಪಿತ ರೂಪವನ್ನು ಮುರಿಯುವುದರಿಂದ ಬರುವ ವಿರೋಧ ಅವರಿಗೆ ಅಪರಿಚಿತವಾಗಿರಲಿಲ್ಲ.

ಕಾವ್ಯದಿಂದ ಅವರು ಚಿತ್ರರಂಗಕ್ಕೆ ಬಂದದ್ದು ನಿರ್ಮಾಣದ ಮಾರ್ಗದಿಂದ. ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರೋದ್ಯಮಕ್ಕೆ ಆಗ ಮದರಾಸೇ ಕೇಂದ್ರ. ಕನ್ನಡ ಚಿತ್ರಗಳೂ ಬಹುಪಾಲು ಅಲ್ಲಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ‘ಪೆಳ್ಳಿನಾಟಿ ಪ್ರಮಾಣಾಲು’ ಮೊದಲಾದ ತೆಲುಗು ಚಿತ್ರಗಳ ನಿರ್ಮಾಣದಲ್ಲಿ ಪಟ್ಟಾಭಿ ಪಾಲುದಾರರಾಗಿದ್ದರು. ಜನಪ್ರಿಯ ಚಿತ್ರದ ವ್ಯವಹಾರ, ಸ್ಟುಡಿಯೋದ ಖರ್ಚುವೆಚ್ಚ, ಹಂಚಿಕೆದಾರರ ಬೇಡಿಕೆ ಇವೆಲ್ಲವನ್ನೂ ಅವರು ಒಳಗಿನಿಂದ ಬಲ್ಲವರಾಗಿದ್ದರು. ಆದ್ದರಿಂದ ಅವರು ಮುಂದೆ ಆ ವ್ಯವಸ್ಥೆಯ ಹೊರಗೆ ನಿಂತು ಚಿತ್ರ ಮಾಡಿದ್ದು ಅನುಭವವಿಲ್ಲದ ಉತ್ಸಾಹಿಯ ಸಾಹಸವಲ್ಲ, ತಿಳಿದು ಮಾಡಿದ ಆಯ್ಕೆ.

ಈ ಆಯ್ಕೆಗೆ ಎರಡು ಒತ್ತಾಸೆಗಳಿದ್ದವು. ಮೊದಲನೆಯದು ರಾಮಮನೋಹರ ಲೋಹಿಯಾ ಅವರ ವಿಚಾರ. ಪಟ್ಟಾಭಿ ಮತ್ತು ಅವರ ಪತ್ನಿ ಸ್ನೇಹಲತಾ ಇಬ್ಬರೂ ಲೋಹಿಯಾ ಅವರ ನಿಷ್ಠಾವಂತ ಅನುಯಾಯಿಗಳಾಗಿದ್ದರು. ಜಾತಿಪದ್ಧತಿಯನ್ನು ಕೆಡವದೆ ಸಮಾನತೆಯಿಲ್ಲವೆಂಬ ಲೋಹಿಯಾವಾದ ಆ ಕಾಲದ ಕನ್ನಡ ಲೇಖಕರಲ್ಲಿಯೂ ಆಳವಾಗಿ ಬೇರೂರಿತ್ತು. ಎರಡನೆಯದು ಮದರಾಸಿನ ರಂಗಭೂಮಿ. ‘ಮದ್ರಾಸ್ ಪ್ಲೇಯರ್ಸ್’ ಎಂಬ ಇಂಗ್ಲಿಷ್ ನಾಟಕ ತಂಡದ ಸ್ಥಾಪಕರಲ್ಲಿ ಸ್ನೇಹಲತಾ ಒಬ್ಬರು. ನಟಿಯಾಗಿ, ನಿರ್ದೇಶಕಿಯಾಗಿ ಅವರು ಹೆಸರಾಗಿದ್ದರು. 1963ರಿಂದ 1970ರ ವರೆಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮದರಾಸು ಶಾಖೆಯಲ್ಲಿ ಉದ್ಯೋಗದಲ್ಲಿದ್ದ ಗಿರೀಶ ಕಾರ್ನಾಡರೂ ಇದೇ ತಂಡದ ಒಡನಾಡಿಯಾಗಿದ್ದರು. ‘ಯಯಾತಿ’, ‘ತುಘಲಕ್’ ನಾಟಕಗಳಿಂದ ಅವರು ಅದಾಗಲೇ ಕನ್ನಡದ ಪ್ರಮುಖ ನಾಟಕಕಾರರೆನಿಸಿದ್ದರು. ಮದರಾಸಿನ ಹೊರವಲಯದಲ್ಲಿ 1966ರಲ್ಲಿ ಆರಂಭವಾಗಿದ್ದ ಚೋಳಮಂಡಲ ಕಲಾವಿದರ ಗ್ರಾಮದಲ್ಲಿ ಮೈಸೂರು ಮೂಲದ ಚಿತ್ರಕಾರ ಎಸ್. ಜಿ. ವಾಸುದೇವ್ ಇದ್ದರು. ಹೀಗೆ ಕನ್ನಡ ನಾಡಿನ ಹೊರಗೆ, ಬೇರೆ ಬೇರೆ ಉದ್ಯೋಗಗಳಲ್ಲಿದ್ದ ಕೆಲವರ ಸ್ನೇಹದಿಂದ ಕನ್ನಡದ ಒಂದು ಚಿತ್ರಕ್ಕೆ ಬೇಕಾದ ತಂಡ ರೂಪುಗೊಂಡಿತು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಪ್ರಕಟವಾಗಿತ್ತು. ಅಗ್ರಹಾರದ ಆಚಾರವನ್ನೆಲ್ಲ ಧಿಕ್ಕರಿಸಿ ಬಾಳಿದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಶಾಸ್ತ್ರದಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರು ನಾರಣಪ್ಪನ ಪ್ರೇಯಸಿ ಚಂದ್ರಿಯನ್ನು ಕೂಡಿ, ತಮ್ಮ ಇದುವರೆಗಿನ ಬದುಕನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಕಾದಂಬರಿ ಪ್ರಕಟವಾದ ದಿನದಿಂದಲೂ ತೀವ್ರ ಮೆಚ್ಚುಗೆಗೂ ತೀವ್ರ ಖಂಡನೆಗೂ ಗುರಿಯಾಗಿತ್ತು. ಇಂಥ ವಸ್ತುವಿಗೆ ಮಾಮೂಲು ನಿರ್ಮಾಪಕರು ಹಣ ಹೂಡುವಂತಿರಲಿಲ್ಲ. ಪಟ್ಟಾಭಿ ‘ರಾಮಮನೋಹರ ಚಿತ್ರ’ ಎಂದು ತಮ್ಮ ಸಂಸ್ಥೆಗೆ ಹೆಸರಿಟ್ಟು ನಿರ್ಮಾಣದ ಹೊಣೆ ಹೊತ್ತರು. 1967ರಲ್ಲಿ ತೀರಿಕೊಂಡಿದ್ದ ಲೋಹಿಯಾ ಅವರಿಗೆ ಸಲ್ಲಿಸಿದ ಗೌರವ ಅದು. ಚಿತ್ರದ ನಿಲುವನ್ನು ಶೀರ್ಷಿಕೆಗೆ ಮೊದಲೇ ಸಾರಿದಂತೆಯೂ ಆಯಿತು.

ಕಾರ್ನಾಡರು ಚಿತ್ರಕಥೆಯನ್ನು ಸಿದ್ಧಪಡಿಸಿದರು; ಪ್ರಾಣೇಶಾಚಾರ್ಯರ ಪಾತ್ರವನ್ನೂ ಅವರೇ ವಹಿಸಿದರು. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ಅಭಿನಯಿಸಿದರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತವನ್ನು ನೀಡಿದರು; ವಾಸುದೇವ್ ಕಲಾನಿರ್ದೇಶನವನ್ನು ನೋಡಿಕೊಂಡರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಕೆ. ವಿ. ರೆಡ್ಡಿಯವರ ಗರಡಿಯಲ್ಲಿ ಪಳಗಿದ್ದ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ಕೆಲಸದಲ್ಲಿ ನೆರವಾದರು. ಶೃಂಗೇರಿ ಸೀಮೆಯ ವೈಕುಂಠಪುರವೇ ಚಿತ್ರದ ಅಗ್ರಹಾರವಾಯಿತು. ಸ್ಟುಡಿಯೋದಲ್ಲಿ ಹಾಕಿದ ಸೆಟ್ ಇಲ್ಲ, ಹಾಡು ಕುಣಿತಗಳಿಲ್ಲ, ಹೆಸರಾಂತ ತಾರೆಯರಿಲ್ಲ. ಮಲೆನಾಡಿನ ಓಣಿ, ಅಡಕೆ ತೋಟ, ಹೆಂಚಿನ ಮನೆಯ ಜಗಲಿ, ಕಪ್ಪು ಬಿಳುಪಿನ ಸಹಜ ಬೆಳಕು ಇಷ್ಟೇ ಬಂಡವಾಳ. ಕನ್ನಡ ತಿಳಿಯದ ಛಾಯಾಗ್ರಾಹಕನ ಕಣ್ಣಿಗೆ ಅಗ್ರಹಾರದ ಬದುಕು ಮೊದಲ ಬಾರಿಗೆ ಕಂಡಿತು. ಆ ಹೊಸ ನೋಟದ ಎಚ್ಚರ ಚಿತ್ರದ ಪ್ರತಿಯೊಂದು ದೃಶ್ಯದಲ್ಲಿಯೂ ಉಳಿದಿದೆ. ನಿರ್ದೇಶಕನೂ ಒಂದು ಅರ್ಥದಲ್ಲಿ ಹೊರಗಿನವನೇ. ಆದರೆ ಕಾದಂಬರಿಕಾರ, ಚಿತ್ರಕಥೆಗಾರ, ನಟರು ಆ ಲೋಕವನ್ನು ಒಳಗಿನಿಂದ ಬಲ್ಲವರು. ಹೊರಗಿನ ನೋಟವೂ ಒಳಗಿನ ಅರಿವೂ ಒಂದೆಡೆ ಸೇರಿದ್ದೇ ಈ ಚಿತ್ರದ ಶಕ್ತಿಯೆನ್ನಬಹುದು.

ಚಿತ್ರ ಸಿದ್ಧವಾದ ಮೇಲೆ ಮದರಾಸಿನ ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿತು. ಜಾತಿವ್ಯವಸ್ಥೆಯ ವಿರುದ್ಧ ಚಿತ್ರ ತಳೆದಿದ್ದ ನಿಷ್ಠುರ ನಿಲುವು ಸಮಾಜದಲ್ಲಿ ಕ್ಷೋಭೆಯನ್ನುಂಟುಮಾಡೀತೆಂಬ ಭಯ ಈ ನಿರಾಕರಣೆಯ ಹಿಂದಿತ್ತು. ಸ್ವತಂತ್ರ ನಿರ್ಮಾಪಕನ ಪಾಲಿಗೆ ನಿಷೇಧವೆಂದರೆ ಅಭಿಪ್ರಾಯಭೇದವಷ್ಟೇ ಅಲ್ಲ. ದೊಡ್ಡ ಸಂಸ್ಥೆಯಾದರೆ ಒಂದು ಚಿತ್ರದ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಇರುವ ಒಂದೇ ಚಿತ್ರ ಡಬ್ಬಿಯೊಳಗೆ ಉಳಿದರೆ ಇಂಥವನಿಗೆ ಹಣವೂ ಹೋಯಿತು, ಮಾತೂ ಹೋಯಿತು. ಲೇಖಕರಿಂದಲೂ ಕಲಾವಿದರಿಂದಲೂ ಪ್ರತಿಭಟನೆ ವ್ಯಕ್ತವಾಯಿತು. ವಿಷಯ ಕೇಂದ್ರ ಸರಕಾರದ ವರೆಗೆ ಹೋಗಿ, ಕೊನೆಗೆ ನಿಷೇಧ ರದ್ದಾಗಿ ಚಿತ್ರ ತೆರೆಗೆ ಬಂದಿತು. ಯಾವ ಚಿತ್ರವನ್ನು ಜನ ನೋಡಬಾರದೆಂದು ಸರಕಾರದ ಒಂದು ಅಂಗ ತೀರ್ಮಾನಿಸಿತ್ತೋ ಅದೇ ಚಿತ್ರವನ್ನು ವರ್ಷದ ಶ್ರೇಷ್ಠ ಭಾರತೀಯ ಚಿತ್ರವೆಂದು ಅದೇ ಸರಕಾರದ ಇನ್ನೊಂದು ಅಂಗ ಗೌರವಿಸಿತು.

ಈ ಗೌರವದ ತೂಕವನ್ನು ತಿಳಿಯಲು ಅಂದಿನ ಪರಿಸ್ಥಿತಿಯನ್ನು ಗಮನಿಸಬೇಕು. ರಾಷ್ಟ್ರ ಪ್ರಶಸ್ತಿಗಳು ಆರಂಭವಾದಾಗ ಮೊದಲ ಸ್ವರ್ಣಪದಕ ಮರಾಠಿಯ ‘ಶ್ಯಾಮಚಿ ಆಯಿ’ಗೆ ಸಂದಿತು. ಆಮೇಲೆ ‘ಪಥೇರ್ ಪಾಂಚಾಲಿ’ಯಿಂದ ಮೊದಲುಗೊಂಡು ಹೆಚ್ಚಿನ ಪದಕಗಳು ಬಂಗಾಳಿ, ಹಿಂದಿ ಚಿತ್ರಗಳ ಪಾಲಾದವು. ದಕ್ಷಿಣದ ಭಾಷೆಗಳಲ್ಲಿ ಮಲಯಾಳದ ‘ಚೆಮ್ಮೀನ್’ ಮಾತ್ರ 1965ರಲ್ಲಿ ಈ ಗೌರವಕ್ಕೆ ಪಾತ್ರವಾಗಿತ್ತು. ‘ಬೇಡರ ಕಣ್ಣಪ್ಪ’ದ ಕಾಲದಿಂದಲೂ ಕನ್ನಡಕ್ಕೆ ದೊರೆಯುತ್ತಿದ್ದುದು ಪ್ರಾದೇಶಿಕ ಭಾಷೆಯ ವಿಭಾಗದ ಪದಕ, ಅರ್ಹತಾಪತ್ರಗಳು. ‘ಸಂಸ್ಕಾರ’ಕ್ಕೆ ಹಿಂದಿನ ಎರಡು ವರ್ಷಗಳ ಪದಕ ಪಡೆದವರು ಸತ್ಯಜಿತ್ ರಾಯ್ ಮತ್ತು ಮೃಣಾಲ್ ಸೇನ್ ಎಂಬುದನ್ನು ನೆನೆದರೆ ಒಂದು ಮೊದಲ ಚಿತ್ರ ಯಾರ ಸಾಲಿನಲ್ಲಿ ನಿಂತಿತೆಂಬುದು ಸ್ಪಷ್ಟವಾಗುತ್ತದೆ. ಅದೇ 1970ರ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ‘ಪ್ರತಿದ್ವಂದಿ’ಗಾಗಿ ರಾಯ್ ಅವರಿಗೇ ಸಂದಿತು, ಚಿತ್ರದ ಪ್ರಶಸ್ತಿ ಪಟ್ಟಾಭಿಯವರಿಗೆ ಬಂದಿತು. ತೆಲುಗು ಕವಿಯ ಕೈಯಿಂದ ಕನ್ನಡಕ್ಕೆ ಬಂದ ಈ ಪದಕ ಸ್ವತಃ ತೆಲುಗು ಭಾಷೆಗೆ ದೊರೆಯಲು ‘ಬಾಹುಬಲಿ’ಯ ಮೊದಲ ಭಾಗದ ವರೆಗೆ, ಎಂದರೆ 2015ರ ಪ್ರಶಸ್ತಿಗಳ ವರೆಗೆ ಕಾಯಬೇಕಾಯಿತು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ‘ಸಂಸ್ಕಾರ’ ಕಂಚಿನ ಚಿರತೆಯ ಪ್ರಶಸ್ತಿಯನ್ನು ಪಡೆದು ಭಾರತದ ಹೊರಗೂ ಗಮನ ಸೆಳೆಯಿತು.

ಪ್ರಶಸ್ತಿಯ ನಿಜವಾದ ಫಲ ಕಂಡದ್ದು ಪಟ್ಟಾಭಿಯವರ ಮುಂದಿನ ಚಿತ್ರಗಳಲ್ಲಿ ಅಲ್ಲ, ಇತರರ ಚಿತ್ರಗಳಲ್ಲಿ. ಸ್ಟುಡಿಯೋದ ಹಂಗಿಲ್ಲದೆ, ಕಡಿಮೆ ವೆಚ್ಚದಲ್ಲಿ, ಕನ್ನಡದ ಶ್ರೇಷ್ಠ ಕಾದಂಬರಿಯೊಂದನ್ನು ರಾಜಿ ಮಾಡಿಕೊಳ್ಳದೆ ತೆರೆಗೆ ತರಬಹುದೆಂದು ಒಂದು ಚಿತ್ರ ತೋರಿಸಿಕೊಟ್ಟ ಮೇಲೆ ಆ ಹಾದಿಯಲ್ಲಿ ನಡೆಯಲು ಹಲವರಿಗೆ ಧೈರ್ಯ ಬಂದಿತು. 1971ರಲ್ಲಿ ಕಾರ್ನಾಡ ಮತ್ತು ಬಿ. ವಿ. ಕಾರಂತರು ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ‘ವಂಶವೃಕ್ಷ’ವನ್ನು ನಿರ್ದೇಶಿಸಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರ ಪ್ರಶಸ್ತಿಯನ್ನು ಹಂಚಿಕೊಂಡರು. ‘ಕಾಡು’, ‘ಹಂಸಗೀತೆ’ಗಳು ಬಂದವು. 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಮತ್ತೆ ಅತ್ಯುತ್ತಮ ಚಿತ್ರವೆಂಬ ಗೌರವವನ್ನು ಕನ್ನಡಕ್ಕೆ ತಂದವು. ನಾರಣಪ್ಪನ ಪಾತ್ರದಿಂದ ತೆರೆಗೆ ಬಂದ ಲಂಕೇಶರು 1976ರ ‘ಪಲ್ಲವಿ’ಗಾಗಿ ಅತ್ಯುತ್ತಮ ನಿರ್ದೇಶಕರೆನಿಸಿದರು. ಹತ್ತು ವರ್ಷಗಳೊಳಗೆ ಅತ್ಯುತ್ತಮ ಚಿತ್ರದ ಮೂರು ಪ್ರಶಸ್ತಿಗಳು ಕನ್ನಡಕ್ಕೆ ಬಂದದ್ದು ಕಾಕತಾಳೀಯವಲ್ಲ. ಕಾದಂಬರಿಕಾರರೂ ನಾಟಕಕಾರರೂ ಚಿತ್ರಕಾರರೂ ಸಂಗೀತಗಾರರೂ ಒಂದೆಡೆ ಕೂಡಿ ಕೆಲಸ ಮಾಡುವ ಪದ್ಧತಿ ಮದರಾಸಿನ ಆ ಬಳಗದಲ್ಲಿ ಆರಂಭವಾಗಿ ಕನ್ನಡದ ಹೊಸ ಅಲೆಯ ಚಿತ್ರಗಳ ಪದ್ಧತಿಯಾಗಿ ಮುಂದುವರಿಯಿತು.

ಆ ಹಾದಿಯನ್ನು ತೆರೆದವರ ಬದುಕು ಮಾತ್ರ ಬೇರೆ ದಿಕ್ಕಿಗೆ ತಿರುಗಿತು. ಎಪ್ಪತ್ತರ ದಶಕದಲ್ಲಿ ರೆಡ್ಡಿ ದಂಪತಿಗಳು ಬೆಂಗಳೂರಿನಲ್ಲಿ ನೆಲೆಸಿದ್ದರು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾಗಿ ಪ್ರತಿರೋಧವನ್ನು ಸಂಘಟಿಸುತ್ತಿದ್ದರು. ರೆಡ್ಡಿ ಕುಟುಂಬ ಅವರ ಆಪ್ತ ವಲಯಕ್ಕೆ ಸೇರಿದ್ದಾಗಿತ್ತು. 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಪ್ರಕರಣದ ತನಿಖೆಯ ಸಂಬಂಧದಲ್ಲಿ ಸ್ನೇಹಲತಾ ಬಂಧಿತರಾದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಆಂತರಿಕ ಭದ್ರತಾ ಕಾಯಿದೆ, ಎಂದರೆ ಮೀಸಾದ ಅನ್ವಯ ಅವರನ್ನು ಎಂಟು ತಿಂಗಳ ಕಾಲ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಅವರು ಬಹುಕಾಲದಿಂದ ಉಬ್ಬಸದ ರೋಗಿ. ಸೆರೆಮನೆಯಲ್ಲಿ ತಕ್ಕ ಚಿಕಿತ್ಸೆ ದೊರೆಯದೆ ರೋಗ ಉಲ್ಬಣಿಸಿತು. ಆ ಸ್ಥಿತಿಯಲ್ಲಿಯೂ ಅವರು ಜೊತೆಯ ಮಹಿಳಾ ಕೈದಿಗಳ ಮೇಲಿನ ಹೊಡೆತಗಳನ್ನು ಪ್ರತಿಭಟಿಸಿದರು, ಅವರ ಊಟೋಪಚಾರದ ಸುಧಾರಣೆಗಾಗಿ ಹೋರಾಡಿದರು, ದಿನಚರಿ ಬರೆದರು. ಅದೇ ಸೆರೆಮನೆಯಲ್ಲಿದ್ದ ಸಮಾಜವಾದಿ ಮುಖಂಡ ಮಧು ದಂಡವತೆಯವರು ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ನರಳಾಟವನ್ನು ಕೇಳಿದ್ದನ್ನು ಮುಂದೆ ನೆನಪಿಸಿಕೊಂಡಿದ್ದಾರೆ.

1977ರ ಜನವರಿ 15ರಂದು, ದೇಹಸ್ಥಿತಿ ತೀರ ಹದಗೆಟ್ಟ ಮೇಲೆ, ಸ್ನೇಹಲತಾ ಪೆರೋಲಿನ ಮೇಲೆ ಬಿಡುಗಡೆ ಹೊಂದಿದರು. ಜನವರಿ 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ಕೊನೆಯುಸಿರೆಳೆದರು. ‘ಸಂಸ್ಕಾರ’ದ ಚಂದ್ರಿಯಾಗಿ ರಾಷ್ಟ್ರದ ಮುಂದೆ ಬಂದ ನಟಿ ಏಳು ವರ್ಷಗಳೊಳಗೆ ಅದೇ ರಾಷ್ಟ್ರದ ಸೆರೆಯಲ್ಲಿ ಪಡೆದ ರೋಗೋಲ್ಬಣದಿಂದ ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಪ್ರಕಟವಾಗಿ ತುರ್ತುಪರಿಸ್ಥಿತಿಯ ಮುಖ್ಯ ದಾಖಲೆಗಳಲ್ಲಿ ಒಂದಾಗಿ ಉಳಿದಿದೆ. ರಾಷ್ಟ್ರಪತಿಗಳ ಪದಕ ಆ ಮನೆಯನ್ನು ಯಾವ ರೀತಿಯಲ್ಲಿಯೂ ಕಾಪಾಡಲಿಲ್ಲ. ಪ್ರಭುತ್ವ ಕೊಡುವ ಮನ್ನಣೆ ಕೃತಿಗೆ ಸಲ್ಲುತ್ತದೆಯೇ ಹೊರತು ಆ ಕೃತಿಯ ಹಿಂದಿರುವ ನಂಬಿಕೆಗೆ ಸಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನಮ್ಮ ಚಿತ್ರರಂಗದ ಇತಿಹಾಸದಲ್ಲಿ ವಿರಳ.

ಪಟ್ಟಾಭಿ ಈ ಆಘಾತದಿಂದ ಮೌನಕ್ಕೆ ಶರಣಾಗಲಿಲ್ಲ. ಆ ಮನ್ನಣೆಯನ್ನು ಬಂಡವಾಳ ಮಾಡಿಕೊಂಡು ಜನಪ್ರಿಯ ಚಿತ್ರಗಳತ್ತ ಹೊರಳಲೂ ಇಲ್ಲ. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿದ ‘ಚಂಡಮಾರುತ’ 1977ರಲ್ಲಿ ಬಂದಿತು. 1984ರಲ್ಲಿ ‘ಶೃಂಗಾರ ಮಾಸ’ವನ್ನೂ 1993ರಲ್ಲಿ ‘ದೇವರ ಕಾಡು’ ಚಿತ್ರವನ್ನೂ ಮಾಡಿದರು. ‘ದೇವರ ಕಾಡು’ ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನು ಪಡೆಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಇಪ್ಪತ್ತಮೂರು ವರ್ಷಗಳ ಅಂತರದಲ್ಲಿ ಒಟ್ಟು ನಾಲ್ಕು ಕನ್ನಡ ಚಿತ್ರಗಳು. ಸಂಖ್ಯೆಯ ದೃಷ್ಟಿಯಿಂದ ಇದು ಅಲ್ಪವೆನಿಸಬಹುದು. ಆದರೆ ಜಾತಿ, ಕ್ರಾಂತಿಯ ರಾಜಕಾರಣ, ಪರಿಸರ ಹೀಗೆ ಪ್ರತಿಯೊಂದು ಚಿತ್ರಕ್ಕೂ ಅವರು ಆರಿಸಿಕೊಂಡ ವಸ್ತುಗಳನ್ನು ನೋಡಿದರೆ, ಹೇಳಲೇಬೇಕಾದ ಮಾತಿದ್ದಾಗ ಮಾತ್ರ ಚಿತ್ರ ಮಾಡುವ ಸಂಯಮ ಅವರದೆಂಬುದು ತಿಳಿಯುತ್ತದೆ. ಇವುಗಳಲ್ಲಿ ಯಾವುದೂ ‘ಸಂಸ್ಕಾರ’ದಷ್ಟು ಪರಿಣಾಮಕಾರಿಯಾಗಲಿಲ್ಲವೆಂಬ ವಿಮರ್ಶಕರ ಮಾತನ್ನು ಒಪ್ಪಬೇಕಾಗುತ್ತದೆ. ಮೊದಲ ಚಿತ್ರಕ್ಕೆ ಒದಗಿಬಂದಂಥ ಕಾದಂಬರಿ, ಅಂಥ ಬಳಗ, ಅಂಥ ಕಾಲ ಮತ್ತೊಮ್ಮೆ ಕೂಡಿಬರಲಿಲ್ಲ.

2006ರ ಮೇ 6ರಂದು ಬೆಂಗಳೂರಿನಲ್ಲಿ ಪಟ್ಟಾಭಿರಾಮ ರೆಡ್ಡಿಯವರು ನಿಧನರಾದಾಗ ಅವರಿಗೆ ಎಂಬತ್ತೇಳು ವರ್ಷ. ತೆಲುಗರು ಅವರನ್ನು ಕವಿಯೆಂದು ಸ್ಮರಿಸುತ್ತಾರೆ, ಕನ್ನಡಿಗರು ಚಿತ್ರ ನಿರ್ದೇಶಕರೆಂದು ಸ್ಮರಿಸುತ್ತಾರೆ. ಎರಡು ಸ್ಮರಣೆಗಳೂ ಒಂದನ್ನೊಂದು ಹೆಚ್ಚಾಗಿ ಅರಿತಿಲ್ಲ. 1939ರಲ್ಲಿ ಛಂದಸ್ಸಿನ ಕಟ್ಟನ್ನು ಸಡಿಲಿಸಿದ ಕೈಯೇ 1970ರಲ್ಲಿ ಚಿತ್ರದ ಸಿದ್ಧಮಾದರಿಯನ್ನು ಮುರಿಯಿತೆಂಬುದನ್ನು ಕಂಡಾಗ ಈ ಎರಡು ಜೀವನಗಳು ಒಂದಾಗುತ್ತವೆ.

ಭಾಷೆಯೊಂದರ ಗೌರವವನ್ನು ಹೆಚ್ಚಿಸುವವರು ಆ ಭಾಷೆಯ ನಾಡಿನಲ್ಲಿ ಹುಟ್ಟಿದವರೇ ಆಗಬೇಕೆಂದಿಲ್ಲ, ಆ ಕೆಲಸ ನಾಡಿನ ಗಡಿಯೊಳಗೇ ನಡೆಯಬೇಕೆಂದೂ ಇಲ್ಲ. ಮಲೆನಾಡಿನ ಕಥೆ, ಮದರಾಸಿನ ಸ್ನೇಹ, ತೆಲುಗರ ಹಣ, ಆಸ್ಟ್ರೇಲಿಯಾದ ಕ್ಯಾಮರಾ ಕೂಡಿ ಕನ್ನಡಕ್ಕೆ ಅದರ ಮೊದಲ ಸ್ವರ್ಣಪದಕ ಬಂದಿತು. ಪದಕಗಳ ಪಟ್ಟಿಯಲ್ಲಿ ‘ಸಂಸ್ಕಾರ’ದ ಹೆಸರಿನ ಮುಂದೆ ವರ್ಷವೊಂದೇ ನಮೂದಾಗಿರುತ್ತದೆ. ನಿರಾಕರಿಸಿದ ಸೆನ್ಸಾರ್ ಮಂಡಳಿ, ಬೆಂಬಲಕ್ಕೆ ನಿಂತ ಬಳಗ, ಸೆರೆಮನೆಯಲ್ಲಿ ನವೆದ ನಟಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿ ಕಾಣದ ಇವರನ್ನೂ ಸೇರಿಸಿಕೊಂಡು ಆ ಪದಕದ ಬೆಲೆಯನ್ನು ಕಟ್ಟುವುದು ಪಟ್ಟಾಭಿರಾಮ ರೆಡ್ಡಿಯವರಿಗೆ ಕನ್ನಡಿಗರು ಸಲ್ಲಿಸಬಹುದಾದ ಯೋಗ್ಯವಾದ ಗೌರವ.